ಬಳಿಚಕ್ರದ ಬಾವಿಯ ನೀರು

ನಮ್ಮಪ್ಪ ಬಸ್ಸಿನಲ್ಲಿ ನೀರು ತರುತ್ತಿದ್ದ. ಬಳಿಚಕ್ರದಿಂದ ಯಾದಗಿರಿಗೆ ಒಂದು ಬಸ್ಸು, ಅಲ್ಲಿಂದ ಶಹಾಪುರಕ್ಕೆ ಇನ್ನೊಂದು, ಶಹಾಪುರದಿಂದ ಕೆಂಭಾವಿಗೆ ಮತ್ತೊಂದು. ಅಡುಗೆ ಎಣ್ಣೆಯ ಹಳದಿ ಕ್ಯಾನನ್ನು ತೊಳೆದು, ಬಾವಿ ನೀರು ತುಂಬಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಮುಚ್ಚಳ ಬಿಗಿದಿರುತ್ತಿದ್ದ. ಎರಡು ಕಾಲಿನ ನಡುವೆ ಇಟ್ಟುಕೊಂಡು ಕೂತರೆ ಇಳಿಯುವ ತನಕ ಅದರ ಮೇಲಿನ ಕೈ ತೆಗೆಯುತ್ತಿರಲಿಲ್ಲ. ಶಹಾಪುರದ ಕಂಡಕ್ಟರು ಒಬ್ಬರು ಪ್ರತಿ ಸಲ ಕಾಡುತ್ತಿದ್ದರಂತೆ.

"ಕಾಕಾ, ಕೃಷ್ಣಾ ನೀರು ಮನಿ ಮುಂದ ಹರಿಯೋ ಊರಿಗಿ ನೀವು ನೀರು ಒಯ್ಯಾಕತ್ತೀರಲ್ಲ, ನಿಮ್ಮ ತಲಿ ಸುದ್ದ ಅದ ಏನ್ರಿ?"

"ಆ ನೀರೇ ನನ್ನ ಮಗಳಿಗಿ ಒಗ್ಗಿಲ್ಲೋ ತಮ್ಮಾ. ಟಿಕೀಟ್ ಹರಿ, ಸುಮ್ಮನಿರು."

ಇದನ್ನು ಅಪ್ಪನೇ ಮನೆಗೆ ಬಂದು ನಗುತ್ತ ಹೇಳುತ್ತಿದ್ದ. ಆಗ ನಾವೆಲ್ಲ ನಕ್ಕಿದ್ದೇವೆ. ಆ ಕ್ಯಾನಿನೊಳಗಿನ ನೀರನ್ನು ನಂಬಿಕೊಂಡು ನಾವು ಎಷ್ಟು ದೂರ ಹೋಗಿಬಿಟ್ಟಿದ್ದೆವು ಎಂಬುದು ಈಗ ತಿಳಿಯುತ್ತದೆ.

ನನ್ನ ತವರು ಬಳಿಚಕ್ರ ಮಳೆ ನಂಬಿದ ಊರು. ತೊಗರಿ, ಜೋಳ, ಬಿಟ್ಟರೆ ಬಿಸಿಲು. ಕೆಂಭಾವಿಗೆ ಸೊಸೆಯಾಗಿ ಬಂದಾಗ ಇಲ್ಲಿ ಕಾಲುವೆ ಬಂದು ಬಹಳ ವರ್ಷವಾಗಿತ್ತು. ನಮ್ಮ ಮನೆಯವರು ಗದ್ದೆ ಮಾಡುತ್ತಾರೆ. ನಾನು ಮನೆಯ ಮುಂದಿನ ಖೋಲಿಯಲ್ಲಿ ಮಷೀನು ಇಟ್ಟುಕೊಂಡು ಹೆಂಗಸರ ಜಂಪರು ಹೊಲಿಯುತ್ತೇನೆ. ಸಂತೆಯ ದಿನ ಸುತ್ತಲ ಹಳ್ಳಿಯವರು ಬಟ್ಟೆ ಕೊಟ್ಟು ಹೋಗಿ, ಮುಂದಿನ ಸಂತೆಗೆ ಬಂದು ಒಯ್ಯುತ್ತಾರೆ. ನನ್ನ ಕೈಯ ತೋಳಪಟ್ಟಿ ಎಂದರೆ ಆಗ ಸುರಪುರದ ತನಕ ಹೆಸರಿತ್ತು. ಜಂಬ ಅಲ್ಲ, ಇದ್ದದ್ದನ್ನೇ ಹೇಳುತ್ತಿದ್ದೇನೆ.

ಮದುವೆಯಾದ ಎರಡನೆಯ ಮಳೆಗಾಲದಲ್ಲಿ ಮುಂಗೈ ಮೇಲೆ, ತೊಡೆಯ ಮೇಲೆ ಕೆಂಪು ಗುಳ್ಳೆಗಳೆದ್ದವು. ನಾಟಿಗೆ ಕೈಕೊಡಲು ಗದ್ದೆಗೆ ಇಳಿದಿದ್ದೆ, ಹುಳ ಕಡಿದಿರಬೇಕು ಎಂದುಕೊಂಡೆ. ತುರಿಕೆ ಅಷ್ಟಾಗಿ ಇರಲಿಲ್ಲ. ಆದರೆ ಗುಳ್ಳೆ ದಪ್ಪವಾಗಿ, ಕಂದುಬಣ್ಣಕ್ಕೆ ತಿರುಗಿ, ನಡುವೆ ಕರ್ರಗೆ ಹಕ್ಕಳೆ ಕಟ್ಟಿದವು. ಅಂಗಡಿಯ ಮುಲಾಮು ಹಚ್ಚಿದೆ. ಅತ್ತೆ ಬೇವಿನೆಲೆ ಕುದಿಸಿ ಹಾಕಿದರು. ಏನೂ ಆಗಲಿಲ್ಲ. ಅಷ್ಟರಲ್ಲಿ ಪಂಚಮಿ ಬಂತು, ಅಪ್ಪ ಕರೆಯಲು ಬಂದ, ಬಳಿಚಕ್ರಕ್ಕೆ ಹೋದೆ. ಉಂಡಿ ತಿಂದು, ಜೋಕಾಲಿ ಆಡಿ, ಅಪ್ಪನ ಹೊಲದ ಬಾವಿ ನೀರಿನಲ್ಲಿ ಸ್ನಾನ ಮಾಡಿಕೊಂಡಿದ್ದೆ. ಒಂದು ಬೆಳಿಗ್ಗೆ ನೋಡುತ್ತೇನೆ, ಹಕ್ಕಳೆ ಉದುರಿ ಗುಳ್ಳೆಗಳೆಲ್ಲ ಮಾಯ! ಕಪ್ಪು ಕಲೆಗಳಷ್ಟೇ ಉಳಿದಿದ್ದವು.

ಅಪ್ಪ ನನ್ನ ಕೈ ತಿರುಗಿಸಿ ತಿರುಗಿಸಿ ನೋಡಿ, "ನೋಡವ್ವಾ, ನಮ್ಮ ಬಾವಿ ನೀರು!" ಎಂದ. ಅವನ ಮುಖ ನೋಡಬೇಕಿತ್ತು ನೀವು. ಅವ್ವ ಹೋದಮೇಲೆ ಅವನು ಹಾಗೆ ಬಾಯಿತುಂಬ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಕೆಂಭಾವಿಗೆ ಮರಳಿದೆ. ಸ್ವಲ್ಪ ಕಾಲದಲ್ಲೇ ಮತ್ತೆ ಎದ್ದವು. ಇನ್ನೇನು ಅನುಮಾನ? ಕಾಲುವೆ ನೀರು ಒಗ್ಗಿಲ್ಲ ಎಂದು ಊರೇ ತೀರ್ಪು ಕೊಟ್ಟಿತು. ಕಾಲುವೆ ಬಂದಮೇಲೆ ಸೊಳ್ಳೆ ಬಂದಿತ್ತು, ಜ್ವರ ಬಂದಿತ್ತು, ಕಾಲ ಸಂದಿಯ ಕೆಸರುಹುಣ್ಣು ಬಂದಿತ್ತು. ಅದರ ಲೆಕ್ಕದಲ್ಲಿ ನನ್ನ ಗುಳ್ಳೆಗಳೂ ಸೇರಿಹೋದವು. ಹೀಗೆ ಶುರುವಾಯಿತು ಅಪ್ಪನ ನೀರು. ಅತ್ತೆಗೆ ಮೊದಮೊದಲು ಸಿಟ್ಟು.

"ನಮ್ಮ ಊರ ನೀರಿಗಿ ಏನಾಗ್ಯಾದ್ರಿ ಬೀಗರ? ನಾವೇನು ಮಂದಿ ಅಲ್ಲೇನು?"

"ನಿಮ್ಮ ಮೈ ಗಟ್ಟಿ ಅದ ಅಕ್ಕಾರ. ನಮ್ಮ ನೀಲವ್ವಂದು ಒಣಭೂಮಿ ಮೈ."

ಆಮೇಲೆ ಅತ್ತೆಯೇ ಆ ನೀರಿಗೆ ಬೇರೆ ಹಂಡೆ ಇಟ್ಟರು, ಬಾಯಿಗೆ ಬಿಳಿ ಬಟ್ಟೆ ಕಟ್ಟಿದರು, ಯಾರೂ ಮುಟ್ಟಬಾರದು ಎಂದರು. ವಾರಕ್ಕೊಂದು ಸಲ ಅವರೇ ನನ್ನ ಬೆನ್ನು ತಿಕ್ಕಿ ಆ ನೀರು ಹಾಕುತ್ತಿದ್ದರು. ಸವಳು ನೀರು, ಸೋಪಿಗೆ ನೊರೆಯೇ ಬರುತ್ತಿರಲಿಲ್ಲ. ಬೆನ್ನ ಮೇಲಿನವು ನನಗೆ ಕಾಣುವುದಿಲ್ಲವಲ್ಲ, ಕೇಳುತ್ತಿದ್ದೆ: "ಅತ್ತೀ, ಅದ ಏನ್ರಿ ಅದು?" ಅವರು ಬೆರಳಿಂದ ಸವರಿ ನೋಡಿ, "ಇಲ್ಲವಾ, ಹೋಗ್ಯಾದ" ಎನ್ನುತ್ತಿದ್ದರು. ನಿಜವಾಗಿಯೂ ಹೋಗಿರುತ್ತಿತ್ತು. ಒಂದು ಎದ್ದರೆ ಒಂದು ಒಣಗುತ್ತಿತ್ತು. ವರ್ಷಗಟ್ಟಲೆ ಹೀಗೇ ನಡೆಯಿತು. ನಮ್ಮ ಮನೆಯವರು ಒಂದು ದಿನ ಊಟಕ್ಕೆ ಕೂತವರು, "ಗದ್ದಿ ಯಾರಿಗಾರ ಲಾವಣಿಗಿ ಕೊಟ್ಟು ನಿಮ್ಮೂರಿಗೇ ಹೋಗಿ ಇರೋಣೇನು?" ಎಂದರು. ಹೆಂಡತಿಯ ಊರಿನಲ್ಲಿ ಹೋಗಿ ಇರುತ್ತೇನೆ ಎನ್ನುವ ಮಾತು ನಮ್ಮ ಕಡೆಯ ಗಂಡಸಿನ ಬಾಯಲ್ಲಿ ಬರುವುದು ಸುಮ್ಮನೆ ಅಲ್ಲ. ನಾನು ರೊಟ್ಟಿ ಬಡಿಯುತ್ತಿದ್ದೆ, ತಲೆ ಎತ್ತದೆ "ಬ್ಯಾಡ್ರಿ" ಎಂದೆ.

ಗುಳ್ಳೆಗಿಂತ ಮಂದಿ ಹೆಚ್ಚು ಸುಟ್ಟರು. ಜಂಪರು ಹೊಲಿಯುವವಳು ಟೇಪು ಹಿಡಿದು ಎದೆ, ತೋಳು, ಬೆನ್ನು ಅಳೆಯಬೇಕು. ಒಂದು ಸಂತೆಯ ದಿನ ಒಬ್ಬಾಕೆಯ ತೋಳಿಗೆ ಟೇಪು ಸುತ್ತುತ್ತಿದ್ದಂತೆ ಆಕೆ ನನ್ನ ಮುಂಗೈ ನೋಡಿದಳು. ಕೈ ಹಿಂದಕ್ಕೆ ಎಳೆದುಕೊಂಡಳು. ಬಾಯಲ್ಲಿ ಮಾತ್ರ ಸಕ್ಕರೆ: "ನೀಲಕ್ಕಾ, ಅಳತಿ ಜಂಪರ ಕೊಡ್ತೀನಿ. ಅದರ ಮ್ಯಾಗೇ ಹೊಲಿ, ಸುಮ್ನ ನಿಂಗ್ಯಾಕ ತ್ರಾಸ?" ಮುಂದಿನ ಸಂತೆಗೆ ಎಲ್ಲರೂ ಅಳತೆ ಜಂಪರು ಹಿಡಿದುಕೊಂಡೇ ಬಂದರು. ಟೇಪು ಮಷೀನಿನ ಮೂಲೆಯಲ್ಲಿ ಸುರುಳಿ ಸುತ್ತಿ ಬಿದ್ದಿತ್ತು. ನಾನು ನನಗಾಗಿ ಮಣಿಕಟ್ಟಿನ ತನಕ ತೋಳಿರುವ ಜಂಪರು ಹೊಲಿದುಕೊಂಡೆ. ಬೇಸಿಗೆಯಲ್ಲಿ ಅದನ್ನು ತೊಟ್ಟು ಬೆವರುತ್ತ, ಒಳಗೊಳಗೇ ಎಲ್ಲರಿಗೂ ಶಾಪ ಹಾಕುತ್ತಿದ್ದೆ.

ಆ ಬೇಸಿಗೆಯಲ್ಲೇ ನನಗೆ ಮೊದಲ ಸಲ ಹೆದರಿಕೆ ಹುಟ್ಟಿತು. ಕಾಲುವೆ ಬಂದ್ ಆಗಿತ್ತು. ತಳದ ಕೆಸರು ಒಣಗಿ ಬಿರಿದು ದನಗಳು ಅದರೊಳಗೇ ನಡೆದಾಡುತ್ತಿದ್ದವು. "ಈಗ ನೋಡು, ನಿನ್ನ ಮೈ ಹಸನಾಗ್ತದ" ಎಂದು ಎಲ್ಲರೂ ಹೇಳಿದ್ದರು. ನಾವು ಕುಡಿಯುತ್ತಿದ್ದುದು ಬೋರಿನ ನೀರು, ಮೈಗೆ ಹಾಕಿಕೊಳ್ಳುತ್ತಿದ್ದುದು ಅಪ್ಪನ ನೀರು. ಕಾಲುವೆಯ ಹನಿಯೂ ನನ್ನನ್ನು ಮುಟ್ಟಿರಲಿಲ್ಲ. ಆದರೂ ಒಂದು ಬೆಳಿಗ್ಗೆ ತೊಡೆಯ ಮೇಲೆ ಹೊಸ ಗುಳ್ಳೆಗಳು ಎದ್ದಿದ್ದವು, ಹಿಂದೆಂದೂ ಇಲ್ಲದಷ್ಟು. ಸೀರೆ ಕೆಳಗೆ ಬಿಟ್ಟುಕೊಂಡು ಮಷೀನಿನ ಮುಂದೆ ಕೂತೆ. ಕಾಲು ಪೆಡಲ್ ತುಳಿಯಲೊಲ್ಲದು. ನೀರಲ್ಲ ಎಂದರೆ ಮತ್ತೇನು? ಈ ಪ್ರಶ್ನೆಯನ್ನು ನಾನು ಯಾರ ಮುಂದೂ ಬಿಚ್ಚಲಿಲ್ಲ. ಅಪ್ಪ ಆ ವಾರವೂ ಕ್ಯಾನು ಹೊತ್ತು ಬಂದ, ಬಿಸಿಲಿಗೆ ಮುಖ ಕೆಂಪಗಾಗಿತ್ತು. ಅವನಿಗೆ ಏನೆಂದು ಹೇಳಲಿ?

ಕಾಲುವೆಗೆ ಮತ್ತೆ ನೀರು ಬಿಟ್ಟರು. ಆಗೊಂದು ದಿನ ಬೆನ್ನು ತಿಕ್ಕುತ್ತಿದ್ದ ಅತ್ತೆಯ ಕೈ ಎಡ ಹೆಗಲ ಕೆಳಗಿನ ರೆಕ್ಕೆ ಎಲುಬಿನ ಹತ್ತಿರ ನಿಂತಿತು.

"ಅದ ಏನ್ರಿ ಅತ್ತೀ?"

"ಹ್ಞೂಂ. ಅದ."

"ಒಣಗ್ಯಾದೇನು?"

ಅವರು ಇನ್ನೊಮ್ಮೆ ಬೆರಳಿಂದ ಒತ್ತಿ ನೋಡಿದರು. ನೀರು ಹಾಕಿದರು. ಮುಂದಿನ ವಾರವೂ ಅದು ಇತ್ತು, ಅದರ ಮುಂದಿನ ವಾರವೂ ಇತ್ತು. ಅದರ ಆಚೀಚೆಯವು ಬಂದು ಹೋದವು, ಇದು ಕದಲಲಿಲ್ಲ. ಕೈ ಹಿಂದಕ್ಕೆ ತಿರುಗಿಸಿ ಮುಟ್ಟಿ ನೋಡಿದೆ. ಬಾರಿಹಣ್ಣಿನಷ್ಟು ದಪ್ಪ, ಗಟ್ಟಿ. ಜಂಪರಿನ ಹೊಲಿಗೆ ತಾಕಿದರೆ ರಸ ಬಂದು ಬಟ್ಟೆಗೆ ಅಂಟುತ್ತಿತ್ತು. ಅಪ್ಪ ಬಂದಾಗ ಅತ್ತೆ ಮುಖಕ್ಕೇ ಹೇಳಿದರು: "ಬೀಗರ, ಇದು ನೀರಿನ ಮಾತಲ್ಲ. ಶಹಾಪುರಕ್ಕ ಡಾಕ್ಟರಿಗಿ ತೋರಸ್ಬೇಕು."

ಅಪ್ಪನ ಮುಖ ಸಣ್ಣದಾಯಿತು. "ಒಂದು ಕ್ಯಾನು ಸಾಲವಲ್ದು ಅಕ್ಕಾರ. ಎರಡು ತರ್ತೀನಿ" ಎಂದ.

ಅವನು ಎರಡು ತಂದ. ಎರಡು ಕೈಗೆ ಎರಡು ಕ್ಯಾನು, ಹೆಗಲ ಮೇಲೆ ಟವಲು, ಬಸ್‌ ನಿಲ್ದಾಣದಿಂದ ನಮ್ಮ ಮನೆಯ ತನಕ ಎರಡು ಕಡೆ ಇಳಿಸಿ ಇಳಿಸಿ ನಡೆದು ಬಂದ. ಬೆರಳಿನಲ್ಲಿ ಹಿಡಿಕೆಯ ಗೆರೆ ಕೆಂಪಗೆ ಮೂಡಿತ್ತು. ನಾನು ಸ್ನಾನ ಮಾಡಿದೆ. ಅವನಿಗಾಗಿ ಮಾಡಿದೆ.

ಶಹಾಪುರದ ಡಾಕ್ಟರು ನೋಡಿ, ಮುಟ್ಟಿ, ಕಂಕುಳಲ್ಲಿ ಬೆರಳೊತ್ತಿ ನೋಡಿ, ಕೈ ತೊಳೆದುಕೊಂಡರು. ಕಲಬುರಗಿಯ ದೊಡ್ಡ ದವಾಖಾನೆಗೆ ಚೀಟಿ ಬರೆದುಕೊಟ್ಟರು.

ಅಲ್ಲಿ ಚರ್ಮದ ವಿಭಾಗದ ಮುಂದೆ ಉದ್ದನೆಯ ಕಟ್ಟೆ. ಅದರ ಮೇಲೆ ಕೂತವರೆಲ್ಲ ತಮ್ಮ ತಮ್ಮ ಕಲೆಯನ್ನು ಸೆರಗಿನಿಂದ, ಟವಲಿನಿಂದ ಮುಚ್ಚಿಕೊಂಡು, ಪಕ್ಕದವರ ಕಲೆಯನ್ನು ಮಾತ್ರ ಕದ್ದು ನೋಡುತ್ತಿದ್ದರು. ನಾನೂ ನೋಡಿದೆ, ಸುಳ್ಳೇಕೆ? ಅವರಿಗಿಂತ ನನ್ನದು ಹಗುರವೋ ಎಂದು ಅಳೆದು ನೋಡುವುದು, ಅಷ್ಟೆ. ನಮ್ಮ ಮನೆಯವರು ಗೋಡೆಗೆ ಒರಗಿ ನಿಂತೇ ಇದ್ದರು, ಕೂತರೆ ಏನೋ ಆಗಿಬಿಡುತ್ತದೆ ಎಂಬಂತೆ. ಡಾಕ್ಟರಮ್ಮ ಬೆನ್ನಿನದೊಂದು ತುಣುಕು, ತೊಡೆಯದೊಂದು ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು, ಹೊಲಿಗೆ ಹಾಕಿದರು. ತೊಡೆಯ ಹೊಲಿಗೆ ನೋಡಿಕೊಂಡೆ. ದೂರ ದೂರ ಟಾಕು, ಗಂಟು ಮೇಲೆಯೇ! ನನ್ನ ಹತ್ತಿರ ಕಲಿಯಲು ಬಂದ ಹುಡುಗಿ ಹೀಗೆ ಹಾಕಿದ್ದರೆ ಬಿಚ್ಚಿಸಿಬಿಡುತ್ತಿದ್ದೆ. ಇದನ್ನು ಅವರಿಗೇ ಹೇಳಿದೆ. ಅವರು ನಕ್ಕರು. ಆ ದಿನ ಅಲ್ಲಿ ಯಾರಾದರೂ ನಕ್ಕದ್ದು ಅದೊಂದೇ ಸಲ.

ರಿಪೋರ್ಟಿಗೆ ಕಾಯುವ ಕಾಲ ಬೇಡಪ್ಪಾ ಬೇಡ. ಎಣಿಸಬಾರದು ಎಂದುಕೊಂಡರೂ ಬೆಳಿಗ್ಗೆ ಎದ್ದ ಕೂಡಲೇ ಅದೇ. ಬಟ್ಟೆ ಕತ್ತರಿಸಲು ಕೂತರೆ ಕತ್ತರಿ ಎಲ್ಲೋ ಹೋಗುತ್ತಿತ್ತು, ಒಬ್ಬಾಕೆಯ ರೇಷ್ಮೆ ಬಟ್ಟೆಯನ್ನು ಹಾಳುಮಾಡಿದೆ. ನಮ್ಮ ಮನೆಯವರು ಕಾರಣವಿಲ್ಲದೆ ಎತ್ತಿನ ಮೇಲೆ ರೇಗುತ್ತಿದ್ದರು. ಅತ್ತೆ ಕೊಡೇಕಲ್ಲಿನ ಗುಡಿಗೆ ಹರಕೆ ಹೊತ್ತರು, ನನಗೆ ಹೇಳಲಿಲ್ಲ. ನೆರೆಮನೆಯವರಿಂದ ತಿಳಿಯಿತು. ಕದ್ದು ಹರಕೆ ಹೊರುವಷ್ಟು ಕೆಟ್ಟದ್ದೇನು ಅವರಿಗೆ ಕಂಡಿದೆ ಎಂದು ನನಗೆ ಇನ್ನಷ್ಟು ದಿಗಿಲು.

ರಿಪೋರ್ಟಿನ ದಿನ ಅಪ್ಪನೂ ಬಂದಿದ್ದ. ಡಾಕ್ಟರಮ್ಮ ಎರಡು ಹೆಸರು ಹೇಳಿದರು. ಗುಳ್ಳೆಗಳಿಗೆ ಒಂದು ಹೆಸರು, ಲಿಂಫೊಮಟಾಯ್ಡ್ ಪ್ಯಾಪ್ಯುಲೋಸಿಸ್. ನನಗೆ ಇದನ್ನು ಬಾಯಿಪಾಠ ಮಾಡಲು ಒಂದು ತಿಂಗಳು ಹಿಡಿಯಿತು. ಬೆನ್ನಿನದಕ್ಕೆ ಇನ್ನೊಂದು ಹೆಸರು, ಅದರ ಕೊನೆಯಲ್ಲಿ ಲಿಂಫೋಮಾ ಎಂದಿತ್ತು. ಆ ಮಾತು ನಮಗೆ ತಿಳಿಯಲಿಲ್ಲ. ಆಮೇಲೆ ಅವರು ಕ್ಯಾನ್ಸರ್ ಎಂದರು. ಅದು ತಿಳಿಯಿತು. ನಮ್ಮ ಮನೆಯವರು ಅಲ್ಲಿಯ ತನಕ ನಿಂತಿದ್ದವರು ಕುರ್ಚಿ ಹುಡುಕಿ ಕೂತರು.

"ಹೆದರಬೇಡಿ. ಬೆನ್ನಿಂದು ಚರ್ಮದಲ್ಲೇ ನಿಂತ ಹಾಗಿದೆ, ಒಳಗೆ ಸ್ಕ್ಯಾನ್ ಮಾಡಿ ನೋಡೋಣ" ಎಂದರು ಡಾಕ್ಟರಮ್ಮ. "ಗುಳ್ಳೆಗಳು ಕ್ಯಾನ್ಸರಿನ ಹಾಗೆ ಹರಡಲ್ಲ, ಅಂಟೂದೂ ಇಲ್ಲ. ಬರ್ತವೆ, ತಾವಾಗೇ ಹೋಗ್ತವೆ, ಮತ್ತೆ ಬರ್ತವೆ. ಆದರೆ ಇಂಥವರಲ್ಲಿ ಕೆಲವರಿಗೆ ಲಿಂಫೋಮಾನೂ ಜೊತೆಗೆ ಬರುತ್ತೆ. ಹೋಗದೇ ನಿಂತದ್ದೇ ನಾವು ಹೆದರಬೇಕಾದ್ದು."

ಅಪ್ಪ ಕೈ ಮುಗಿದುಕೊಂಡೇ ಕೇಳಿದ: "ತಾವಾಗೇ ಹೋಗ್ತಾವಂದ್ರ... ಹಂಗಾದ್ರ ನೀರು?"

"ಯಾವ ನೀರು?"

ನಾನು ಹೇಳಿದೆ. ಬಳಿಚಕ್ರ, ಬಾವಿ, ಕ್ಯಾನು, ಮೂರು ಬಸ್ಸು. ಡಾಕ್ಟರಮ್ಮ ನಗಲಿಲ್ಲ, ಬೈಯಲೂ ಇಲ್ಲ. "ನೀರಿಂದ ಕೆಟ್ಟದ್ದೇನೂ ಆಗಿಲ್ಲ ಯಜಮಾನರೇ. ಆದರೆ ಯಾವ ಊರಲ್ಲಿದ್ದರೂ ಆ ಗುಳ್ಳೆ ಹೋಗ್ತಿದ್ದವು" ಎಂದರು.

ಅಪ್ಪ ತನ್ನ ಅಂಗೈಗಳನ್ನು ನೋಡಿಕೊಂಡ. ವಾಪಸು ಬರುವಾಗ ಜೇವರ್ಗಿ ದಾಟಿದರೂ ಟವಲು ಮಡಚುತ್ತ, ಬಿಚ್ಚುತ್ತ ಕೂತಿದ್ದ. ಶಹಾಪುರದಲ್ಲಿ ಇಳಿದು, "ನಾ ಯಾದಗಿರಿ ಬಸ್ಸಿಗಿ ಹೋಗ್ತೀನವ್ವಾ" ಎಂದ. ಮನೆಗೆ ಬಂದು ಉಂಡು ಹೋಗು ಎಂದರೂ ಕೇಳಲಿಲ್ಲ. ಬಸ್ಸಿನ ಕಿಟಕಿಯಲ್ಲಿ ಅವನ ತಲೆ ಮಾತ್ರ ಕಂಡಿತು. ನನಗೆ ಅಳು ಬಂದದ್ದು ಆಗ. ಕ್ಯಾನ್ಸರ್ ಎಂದಾಗ ಬಂದಿರಲಿಲ್ಲ.

ಸ್ಕ್ಯಾನಿನಲ್ಲಿ ಒಳಗೆ ಏನೂ ಇರಲಿಲ್ಲ. ಬೆನ್ನಿಗೆ ಕರೆಂಟು ಕೊಟ್ಟರು. ರೇಡಿಯೇಷನ್ನನ್ನು ಜನ ಹಾಗೇ ಕರೆಯುತ್ತಾರೆ, ಆದರೆ ಅದು ಮೈಗೆ ಝುಂ ಎನ್ನುವ ಕರೆಂಟಲ್ಲ. ತಣ್ಣಗಿನ ಖೋಲಿಯಲ್ಲಿ ಬೋರಲು ಮಲಗಿಸಿ ಎಲ್ಲರೂ ಹೊರಗೆ ಹೋಗಿಬಿಡುತ್ತಾರೆ, ದಪ್ಪ ಬಾಗಿಲು ಹಾಕಿಕೊಳ್ಳುತ್ತದೆ, ಯಂತ್ರ ಗುಂಯ್‌ಗುಡುತ್ತದೆ. ನೋವಿಲ್ಲ. ಎಲ್ಲರೂ ಬಿಟ್ಟು ಓಡುವಂಥದ್ದನ್ನು ನನ್ನೊಬ್ಬಳ ಮೇಲೆ ಬಿಡುತ್ತಾರಲ್ಲ ಎಂಬ ಹೆದರಿಕೆ ಇದೆ. ಕಲಬುರಗಿಯಲ್ಲೇ ಒಂದು ಖೋಲಿ ಹಿಡಿದು ಇದ್ದೆವು. ನಮ್ಮ ಮನೆಯವರು ನಾಟಿಯ ಕಾಲದಲ್ಲಿ ಗದ್ದೆ ಬಿಟ್ಟು ಬಂದು, ನನಗೆ ಅನ್ನ ಮಾಡಿ ಹಾಕುವುದನ್ನು ಕಲಿತರು. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದರೆ ಸಿಟ್ಟು ಬೇರೆ! ಗಂಟು ಕರಗಿತು. ಚರ್ಮ ಕಪ್ಪಾಯಿತು. ಗುಳ್ಳೆಗಳಿಗೆ ವಾರಕ್ಕೊಮ್ಮೆ ನುಂಗುವ ಮಾತ್ರೆ ಕೊಟ್ಟರು. ಆ ದಿನ ಬಾಯಿ ಕಹಿ, ಅನ್ನ ಕಂಡರೆ ವಾಕರಿಕೆ. ನಡುನಡುವೆ ರಕ್ತ ಪರೀಕ್ಷೆ.

ಊರಿಗೆ ಬಂದ ಮೊದಲ ಸಂತೆಗೆ ಯಾರೂ ಬರಲಿಲ್ಲ. ಎರಡನೆಯದಕ್ಕೆ, ಅಂದು ಕೈ ಎಳೆದುಕೊಂಡಿದ್ದಳಲ್ಲ, ಅವಳೇ ಬಂದಳು. ಅಳತೆ ಜಂಪರು ತಂದಿರಲಿಲ್ಲ. ಎರಡು ತೋಳು ಅಗಲಿಸಿ ನಿಂತು, "ದಪ್ಪಾಗೀನಿ ನೀಲಕ್ಕಾ, ಹಳೀ ಅಳತಿ ಬರಂಗಿಲ್ಲ. ಟೇಪ್ ಹಿಡಿ" ಎಂದಳು. ಕ್ಷಮಿಸು ಗಿಮಿಸು ಏನೂ ಇಲ್ಲ. ನಾನು ಟೇಪು ಬಿಚ್ಚಿ ಅವಳ ಮೈ ಸುತ್ತ ಹಿಡಿದೆ. ಅವಳು ನಿಜಕ್ಕೂ ದಪ್ಪಗಾಗಿದ್ದಳು, ಹೇಳಿದೆ, ಇಬ್ಬರೂ ನಕ್ಕೆವು.

ಇಂಥ ಕಾಯಿಲೆ ಇರುವವರು ಇದನ್ನು ಓದುತ್ತಿದ್ದರೆ ಅವರಿಗೆ ನಾನು ಧೈರ್ಯ ಹೇಳುವಷ್ಟು ದೊಡ್ಡವಳಲ್ಲ. ನನಗೇ ಅದು ಸಾಲದು. ಕಾಯಿಲೆ ಹೋಗುವುದಿಲ್ಲ, ಅದರ ಜೊತೆಗೆ ಬಾಳುವುದು ಬರುತ್ತದೆ, ಅಷ್ಟನ್ನು ಹೇಳಬಲ್ಲೆ. ಹೊಸದೊಂದು ಎದ್ದರೆ ಇದು ಹೋಗುವುದೋ ನಿಲ್ಲುವುದೋ ಎಂದು ನೋಡುತ್ತ ಕೂಡಬೇಕು. ಹೋದರೆ ಬದುಕಿದೆ ಎಂದು ಕೆಲಸಕ್ಕೆ ಏಳುವುದು. ಒಬ್ಬರೇ ನೋಡಿಕೊಳ್ಳಬೇಡಿ, ಬೆನ್ನು ನೋಡುವವರು ಒಬ್ಬರಿರಲಿ.

ಅಪ್ಪ ಆಮೇಲಿನ ಈ ವರ್ಷಗಳಲ್ಲಿ ಬರುತ್ತಲೇ ಇದ್ದ, ಆದರೆ ಕ್ಯಾನು ಇಲ್ಲದೆ. ತೊಗರಿ ಬೇಳೆ ತರುತ್ತಿದ್ದ, ಸಜ್ಜೆ ಹಿಟ್ಟು ತರುತ್ತಿದ್ದ. ನೀರಿನ ಮಾತನ್ನೇ ಎತ್ತುತ್ತಿರಲಿಲ್ಲ. ಬಂದರೆ ಎಲ್ಲಿ ಕೂಡಬೇಕು ಎಂದು ತಿಳಿಯದವನಂತೆ ಹೊಸ್ತಿಲ ಹತ್ತಿರವೇ ಕೂತು, ಬೇಗ ಎದ್ದು ಹೋಗುತ್ತಿದ್ದ. ಅತ್ತೆ ಆ ಹಂಡೆಯನ್ನು ಅಟ್ಟಕ್ಕೆ ಹಾಕಿದ್ದರು.

ಕಳೆದ ತಿಂಗಳು ಬಲಗಡೆಯ ಭುಜದ ಹಿಂದೆ ಹೊಸದೊಂದು ಎದ್ದಿತು. ಅದರ ಜೊತೆ ಎದ್ದವೆಲ್ಲ ಒಣಗಿದವು, ಅದು ಮಾತ್ರ ನಿಂತಿದೆ. ಕಲಬುರಗಿಗೆ ಫೋನು ಮಾಡಿದ್ದೇವೆ, ಈ ಸೋಮವಾರ ಬರಲು ಹೇಳಿದ್ದಾರೆ. ಮತ್ತೆ ತುಣುಕು ತೆಗೆಯುತ್ತಾರೆ. ಮತ್ತೆ ಕಾಯಬೇಕು. ನಿನ್ನೆ ಅಪ್ಪನಿಗೆ ಫೋನು ಹಚ್ಚಿದೆ.

"ಎಪ್ಪಾ, ಬರುವಾಗ ನೀರು ತಗೊಂಡು ಬಾ."

"ಯಾಕವ್ವಾ? ಆ ನೀರಿಂದ ಏನೂ ಆಗಂಗಿಲ್ಲಂತ ಡಾಕ್ಟರಮ್ಮ ಅಂದಾಳಲ್ಲ."

"ಗೊತ್ತದ ಎಪ್ಪಾ. ಆದ್ರೂ ತಗೊಂಡು ಬಾ."

ಇವತ್ತು ಬಂದ. ಈಗ ಅವನಿಗೆ ಒಂದು ಕ್ಯಾನೂ ಭಾರ, ಬಸ್‌ ನಿಲ್ದಾಣದಿಂದ ನಮ್ಮ ಮನೆಯವರು ಇಸಿದುಕೊಂಡು ಬಂದರು. ಅಪ್ಪ ಹೊಸ್ತಿಲು ದಾಟಿ ಒಳಗೆ ಬಂದು, ಗೋಡೆಗೆ ಒರಗಿ ಕಾಲು ಚಾಚಿ ಕೂತ. ಅತ್ತೆ ಅಟ್ಟದಿಂದ ಹಂಡೆ ಇಳಿಸಿ ತೊಳೆದರು, ನೀರು ಕಾಯಿಸಿದರು. ಬಚ್ಚಲಲ್ಲಿ ಬೆನ್ನು ತಿರುಗಿಸಿ ಕೂತೆ. ಅದೇ ಸವಳು ನೀರು, ಸೋಪು ನೊರೆ ಕಟ್ಟಲಿಲ್ಲ. ಅತ್ತೆಯ ಕೈ ಭುಜದಿಂದ ಇಳಿದು ಒಂದು ಕಡೆ ನಿಂತಿತು.

"ಅದ ಏನ್ರಿ ಅತ್ತೀ?"

"ಅದ ನನ್ನವ್ವ."

ಹೊರಗೆ ಅಪ್ಪ ಕೆಮ್ಮಿದ್ದು ಕೇಳಿಸಿತು. "ನೀರು ಸಾಕಾತೇನವ್ವಾ?" ಎಂದು ಅಲ್ಲಿಂದಲೇ ಕೂಗಿದ.

"ಸಾಕಾಗ್ಯಾದ ಎಪ್ಪಾ" ಎಂದು ಕೂಗಿ ಹೇಳಿದೆ. ಅತ್ತೆಗೆ ಮಾತ್ರ ಕೇಳುವಂತೆ, "ಇನ್ನೊಂದು ಚೊಂಬು ಹಾಕ್ರಿ" ಎಂದೆ.